ಹದಿನೇಳಕ್ಕೆ ಒಂದು

ಎಲ್ವಿಯೊ ಸಿಮಿಯೋನ್ ನಮ್ಮ ಕಣಿವೆಯಲ್ಲಿ ಮೂವತ್ತು ವರ್ಷದಿಂದ ಟಪಾಲು ಹಂಚುತ್ತಿದ್ದಾನೆ. ಮೊಣಕಾಲುದ್ದ ಹಿಮ ಬಿದ್ದರೂ ಹಂಚುತ್ತಾನೆ, ಮರದ ಮಿಲ್ಲಿನ ನಾಯಿ ಎರಡು ಸಲ ಕಚ್ಚಿದ ಮೇಲೂ ಹಂಚುತ್ತಾನೆ. ಇಡೀ ದಾರಿಯಲ್ಲಿ ಅವನಿಗೆ ಸಂಕಟವಾಗುವುದು ಒಂದೇ ಕಡೆ, ಚರ್ಚಿನ ಎದುರಿಗಿರುವ ಫೌಸ್ತೊನ ಬಾರಿನಲ್ಲಿ. ಅಲ್ಲಿಗೆ ಕಾಗದ ಇಲ್ಲದ ದಿನವೇ ಇಲ್ಲ. ಒಳಗೆ ಕಾಲಿಟ್ಟರೆ ಎದುರಿಗೇ, ಕಾಫಿ ಯಂತ್ರದ ಮೇಲೆ, ಕಿಟಕಿಯಷ್ಟು ದೊಡ್ಡದೊಂದು ಫೋಟೋ.

ಫೋಟೋದಲ್ಲಿ ಫೌಸ್ತೊ ಎರಡೂ ಕೈ ಮೇಲೆತ್ತಿ ಓಡುತ್ತಿದ್ದಾನೆ. ಇಪ್ಪತ್ತೈದು ವರ್ಷದ ಹಿಂದಿನ ಫೌಸ್ತೊ. ಆಗ ಅವನಿಗೆ ಸೊಂಟವೂ ಇತ್ತು, ತಲೆಯಲ್ಲಿ ಕೂದಲೂ ಇತ್ತು. ಹಿಂದೆ ಎದುರಾಳಿ ಗೋಲ್‌ಕೀಪರ್ ಮಕಾಡೆ ಬಿದ್ದಿದ್ದಾನೆ. ಬಲೆಯೊಳಗೆ ಚೆಂಡಿದೆ. ಕೆಳಗೆ ಹಿತ್ತಾಳೆ ಪಟ್ಟಿಯ ಮೇಲೆ, "ಮೊದಲ ದರ್ಜೆಯ ತಂಡಕ್ಕೆ ಗೋಲು ಹೊಡೆದವನು" ಎಂದು ಕೆತ್ತಿಸಲಾಗಿದೆ. ಆ ಪಂದ್ಯ ಕೊನೆಗೆ ಎಷ್ಟಕ್ಕೆ ಎಷ್ಟಾಯಿತು ಎನ್ನುವುದನ್ನು ಫೌಸ್ತೊ ಕೆತ್ತಿಸಿಲ್ಲ. ನಾವು ಹೇಳುತ್ತೇವೆ: ಹದಿನೇಳಕ್ಕೆ ಒಂದು. ಹದಿನೇಳು ಅವರದು, ಒಂದು ನಮ್ಮದು.

ಆ ಹದಿನೇಳನ್ನೂ ಬಿಟ್ಟುಕೊಟ್ಟ ನಮ್ಮ ಗೋಲ್‌ಕೀಪರ್ ಎಲ್ವಿಯೊ. ನಮ್ಮಲ್ಲಿ ಹದಿನೇಳು ಮೊದಲೇ ಅಪಶಕುನದ ಸಂಖ್ಯೆ; ದೊಡ್ಡ ಹೋಟೆಲಿನಲ್ಲಿ ಆ ನಂಬರಿನ ಕೋಣೆಯನ್ನೇ ಇಟ್ಟಿಲ್ಲ. ಅದು ಅವನ ಅಡ್ಡಹೆಸರಾಗಿ ಅಂಟಿಕೊಂಡಿತು.

ಪ್ರತಿ ಜುಲೈಯಲ್ಲಿ ಬಯಲುಸೀಮೆಯ ವೃತ್ತಿಪರ ತಂಡವೊಂದು ಸೆಕೆ ತಪ್ಪಿಸಿಕೊಂಡು ನಮ್ಮ ಕಣಿವೆಗೆ ಬರುತ್ತದೆ. ಎರಡು ವಾರ ಬೆಟ್ಟ ಹತ್ತಿ ಇಳಿಯುತ್ತಾರೆ, ಪಾಸ್ತಾವನ್ನು ತೂಕ ಹಾಕಿ ತಿನ್ನುತ್ತಾರೆ. ಮೊದಲ ಭಾನುವಾರ ಅವರಿಗೂ ನಮ್ಮ ಕಣಿವೆಯ ತಂಡಕ್ಕೂ ಒಂದು ಪಂದ್ಯ. ನಮ್ಮ ತಂಡವೆಂದರೆ ಅಂಚೆಯವನು, ಬಡಗಿ, ಮಿಲ್ಲಿನ ಮೂವರು, ಪಾದ್ರಿಯ ತಂಗಿಯ ಮಗ, ಹೀಗೆ ಕೈಗೆ ಸಿಕ್ಕವರು. ಯಾರು ಗೆಲ್ಲುತ್ತಾರೆ ಎಂದು ನೋಡಲು ಯಾರೂ ಬರುವುದಿಲ್ಲ. ಮಕ್ಕಳು ಹಸ್ತಾಕ್ಷರಕ್ಕೆ ಬರುತ್ತಾರೆ. ಅವರ ತರಬೇತುದಾರ, ರಜೆಯಲ್ಲಿ ಯಾರ ಹೊಟ್ಟೆ ಎಷ್ಟು ಬಂದಿದೆ ಎಂದು ಲೆಕ್ಕ ಹಾಕುತ್ತಾನೆ.

ಫೋಟೋ ತೆಗೆದ ಆ ವರ್ಷ ಬಂದದ್ದು ಬಂದರೂರಿನ ತಂಡ. ಅವರು ಇಳಿದುಕೊಂಡಿದ್ದ ಹೋಟೆಲಿನಲ್ಲಿ ಫೌಸ್ತೊ ಮಾಣಿ. ಮಧ್ಯಾಹ್ನ ಅವರಿಗೆ ಸೂಪು ಬಡಿಸಿ, ನಾಲ್ಕು ಗಂಟೆಗೆ ಅವರ ಎದುರಿಗೇ ಆಡಲು ಇಳಿದ. ಇನ್ನು ಒಂಬತ್ತು ನಿಮಿಷ ಇದೆ ಎನ್ನುವಾಗ ಹದಿನಾರು ಸೊನ್ನೆ. ಎಲ್ವಿಯೊನ ಮೊಣಕೈ ಸುಲಿದು ರಕ್ತ. ಚೆಂಡು ಕೈಗೆ ಸಿಕ್ಕಿದ್ದೇ ತಡ, ಇದ್ದ ಸಿಟ್ಟನ್ನೆಲ್ಲ ಕಾಲಿಗಿಳಿಸಿ ಒದ್ದ. ನಮ್ಮ ಮೈದಾನ ಗಿಡ್ಡ. ಹೊಳೆಗೂ ಮಿಲ್ಲಿಗೂ ನಡುವೆ ಸಿಕ್ಕಿಕೊಂಡಿದೆ. ಮಧ್ಯಾಹ್ನದ ಮೇಲೆ ಕೆರೆಯ ಕಡೆಯಿಂದ ಗಾಳಿ ಬೀಸುತ್ತದೆ. ಚೆಂಡು ಹೋಯಿತು, ಹೋಯಿತು, ಆ ತುದಿಯಲ್ಲಿ ಬಿತ್ತು, ಎದ್ದಿತು. ಎಲ್ವಿಯೊನಿಗೆ ಕಂಡದ್ದು ಆಮೇಲೆ ಫೌಸ್ತೊ ಕೈ ಎತ್ತಿದ್ದು ಮಾತ್ರ. ಜನ ಬೇಲಿ ಹಾರಿ ಒಳಗೆ ನುಗ್ಗಿದರು, ಫೌಸ್ತೊನನ್ನು ಹೆಗಲ ಮೇಲೆ ಹೊತ್ತರು. ಹದಿನೇಳನೆಯದು ಬಿದ್ದಾಗ ನಮ್ಮ ತಂಡದ ಅರ್ಧ ಜನ ಇನ್ನೂ ಕುಣಿಯುತ್ತಲೇ ಇದ್ದರು.

ಇದು ಅಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಆದರೆ ಬಂದರೂರಿನ ತಂಡ ಮುಂದಿನ ಮೇ ತಿಂಗಳಲ್ಲಿ, ಆ ಸಾಲಿನ ಲೀಗು ಮುಗಿದಾಗ, ಎರಡನೇ ದರ್ಜೆಗೆ ಬಿತ್ತು. ಫೌಸ್ತೊ ಹೋಟೆಲಿನ ಕೆಲಸ ಬಿಟ್ಟು ಸ್ವಂತ ಬಾರು ತೆಗೆದ, ಫೋಟೋ ತೂಗುಹಾಕಿದ, ಆವತ್ತಿನಿಂದ ಇವತ್ತಿನವರೆಗೆ ಅವನದು ಒಂದೇ ಹಾಡು.

"ಬಿದ್ರಲ್ಲ, ಯಾಕೆ ಬಿದ್ರು? ಶುರುವಾದದ್ದು ಎಲ್ಲಿಂದ? ಈ ಕಾಲಿಂದ!" ಎಂದು ಬಲಗಾಲನ್ನು ಕುರ್ಚಿಯ ಮೇಲಿಟ್ಟು ತಟ್ಟುತ್ತಾನೆ. "ಹೋಟೆಲ್ ಮಾಣಿ ಗೋಲು ಹೊಡೆದ್ರೆ ತಂಡದ ಧೈರ್ಯ ಉಳಿಯುತ್ತೇನ್ರೋ? ಜುಲೈಲೇ ಬಿರುಕು ಬಿಟ್ಟಿತ್ತು. ಮೇ ತಿಂಗಳಲ್ಲಿ ಗೋಡೆ ಉರುಳ್ತು, ಅಷ್ಟೇ."

ಎಲ್ವಿಯೊನಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿ. ಟಪಾಲು ಚೀಲ ಇಳಿಸದೆ ಬಾಗಿಲಲ್ಲೇ ನಿಂತು ಶುರುಮಾಡುತ್ತಾನೆ.

"ಜುಲೈ ಪಂದ್ಯ ಯಾವ ಲೆಕ್ಕಕ್ಕೂ ಇಲ್ಲ ಕಣೋ! ಅವತ್ತು ಬೆಳಗ್ಗೆ ಅವರನ್ನ ಎರಡು ಗಂಟೆ ಬೆಟ್ಟ ಹತ್ಸಿದ್ರು. ಕಾಲು ಕೊರಡಾಗಿತ್ತು. ಅರ್ಧಕ್ಕೆ ಹನ್ನೊಂದೂ ಜನಾನ್ನ ಬದಲಾಯಿಸಿದ್ರು. ಅದು ಪಂದ್ಯಾನಾ?"

"ಕೊರಡು ಕಾಲಲ್ಲೇ ನಿಂಗೆ ಹದಿನೇಳು ಹೊಡೆದ್ರಲ್ಲೋ!"

ಬಾರಿಗೆ ಬಾರೇ ನಗುತ್ತದೆ. ಎಲ್ವಿಯೊ ಕಾಗದವನ್ನು ಮೇಜಿನ ಮೇಲೆ ಕುಕ್ಕಿ ಹೊರಡುತ್ತಾನೆ.

ಈ ಒಂದು ವಾದ ಗೆಲ್ಲಬೇಕೆಂದೇ ಅವನು ಕಾಲು ಶತಮಾನದಿಂದ ಪತ್ರಿಕೆ ಕತ್ತರಿಸಿ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಟ್ಟಿದ್ದಾನೆ. ಜುಲೈಯಲ್ಲಿ ಯಾವ ತಂಡ ಯಾರಿಗೆ ಎಷ್ಟು ಹೊಡೆಯಿತು, ಮೇ ತಿಂಗಳಲ್ಲಿ ಅದೇ ತಂಡ ಎಷ್ಟನೆಯದಾಯಿತು, ಎಲ್ಲ ಇದೆ. ಬೇಸಿಗೆಯಲ್ಲಿ ಒಂಬತ್ತಕ್ಕೆ ಒಂಬತ್ತೂ ಗೆದ್ದು ಚಳಿಗಾಲಕ್ಕೆ ಮುಂಚೆಯೇ ತರಬೇತುದಾರನನ್ನು ಓಡಿಸಿದ ತಂಡವಿದೆ. ಹಳ್ಳಿಯ ಹುಡುಗರ ಕೈಲಿ ಸೋತು ಆ ವರ್ಷ ಕಪ್ ಗೆದ್ದ ತಂಡವೂ ಇದೆ. ಜುಲೈ ಫಲಿತಾಂಶದ ವಿಷಯದಲ್ಲಿ ಅವನಷ್ಟು ತಿಳಿದವರು ಈ ದೇಶದಲ್ಲೇ ಇರಲಾರರು. ಅಷ್ಟೂ ವಿದ್ಯೆಗೆ ಎಣ್ಣೆ ಹೊಯ್ದದ್ದು ಹೊಟ್ಟೆಕಿಚ್ಚು. ಇದನ್ನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಎಷ್ಟೋ ಸಲ ಹೇಳಿದ್ದೇವೆ.

ಆದರೆ ಆ ಕಿಚ್ಚಿನ ಬೇರು ಎಲ್ಲಿದೆ ಎನ್ನುವುದು ನಮಗೆ ಗೊತ್ತಿರಲಿಲ್ಲ. ಅದು ಆ ಫೋಟೋದ ಒಂದು ಮೂಲೆಯಲ್ಲಿತ್ತು. ಬಲೆಯ ಹಿಂದೆ, ಕಂಬಿಗೆ ಒರಗಿಕೊಂಡು ಹಳದಿ ಲಂಗದ ಹುಡುಗಿಯೊಬ್ಬಳು ನಿಂತಿದ್ದಾಳೆ. ಬಾಯಿ ತೆರೆದಿದೆ, ಎರಡು ಕೈಯೂ ಕೆನ್ನೆಯ ಮೇಲಿವೆ. ಅದು ಒರ್ನೆಲ್ಲಾ. ಆಗ ಎಲ್ವಿಯೊನನ್ನು ಮದುವೆಯಾಗಿ ಅವಳಿಗೆ ಒಂಬತ್ತು ತಿಂಗಳು.

ಗಂಡ ಈ ತುದಿಯಲ್ಲಿ ಗೋಲು ಕಾಯುತ್ತಿದ್ದರೆ ಹೆಂಡತಿಗೆ ಆ ತುದಿಯಲ್ಲಿ ಏನು ಕೆಲಸ? ಆ ತುದಿಯಲ್ಲಿ ಓಡಾಡುತ್ತಿದ್ದವನು ಫೌಸ್ತೊ. ಮದುವೆಗೆ ಮುಂಚೆ ಒಂದು ಸುಗ್ಗಿಯ ಕುಣಿತದಲ್ಲಿ ಒರ್ನೆಲ್ಲಾ ಅವನ ಜೊತೆ ಮೂರು ಸುತ್ತು ಕುಣಿದಿದ್ದಳು; ಮೂರು ಎಂದು ಎಲ್ವಿಯೊ ಎಣಿಸಿದ್ದ. ದಿನಾ ಬೆಳಗ್ಗೆ ಬಾರಿನಲ್ಲಿ ಬೇರೆಯವರೆಲ್ಲ ಫೌಸ್ತೊನನ್ನು ನೋಡುತ್ತಿದ್ದರೆ, ಎಲ್ವಿಯೊ ಹಳದಿ ಲಂಗವನ್ನು ನೋಡುತ್ತಿದ್ದ. ಮನೆಗೆ ಹೋದ ಮೇಲೆ ಕೇಳಬೇಕು ಎಂದುಕೊಳ್ಳುತ್ತಿದ್ದ. ಕೇಳಲಿಲ್ಲ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಪಕ್ಕದ ಕಣಿವೆಗೆ ಹೋದಳು. ಪ್ರಶ್ನೆ ಮಾತ್ರ ಅವನ ಗಂಟಲಲ್ಲೇ ಉಳಿಯಿತು.

ಈ ವರ್ಷ ಜುಲೈಯಲ್ಲಿ ಬಂದರೂರಿನ ತಂಡ ಮತ್ತೆ ಬರುತ್ತದೆ ಎಂಬ ಸುದ್ದಿ ಬಂತು. ಊರ ಮಂಡಳಿಯವರಿಗೆ ಹುರುಪೋ ಹುರುಪು. ಪಂದ್ಯಕ್ಕೆ ಮುಂಚೆ ಫೌಸ್ತೊನನ್ನು ಮೈದಾನದ ನಡುವೆ ನಿಲ್ಲಿಸಿ, ಆ ಗೋಲಿಗೆ ಇಪ್ಪತ್ತೈದು ವರ್ಷವಾದ ನೆನಪಿಗೆ ಅವನ ಹೆಸರು ಹೊಲಿದ ಅಂಗಿ ಕೊಡಬೇಕು ಎಂದು ತೀರ್ಮಾನಿಸಿದರು. ಧ್ವನಿವರ್ಧಕದಲ್ಲಿ ಹೆಸರು ಕೂಗುವವನು ಎಲ್ವಿಯೊ. ಊರಿನವರ ಹೆಸರನ್ನೆಲ್ಲ ತಪ್ಪಿಲ್ಲದೆ ಓದುವುದು ಅಂಚೆಯವನಿಗೆ ಮಾತ್ರ ಸಾಧ್ಯ ಎಂದು ಆ ಕೆಲಸ ಅವನು ಆಟ ಬಿಟ್ಟಂದಿನಿಂದಲೂ ಅವನದೇ. ಮೈದಾನದ ಸುಣ್ಣದ ಗೆರೆ ಎಳೆಯುವವನೂ ಅವನೇ.

"ಸ್ವಲ್ಪ ಗಟ್ಟಿಯಾಗಿ ಕೂಗೋ ಹದಿನೇಳು," ಎಂದ ಫೌಸ್ತೊ, ಅವನಿಗೆ ಕಾಫಿ ತಳ್ಳುತ್ತಾ. "ಹೊಳೆ ಆಚೆಯವರಿಗೂ ಕೇಳಿಸ್ಬೇಕು."

ಎಲ್ವಿಯೊ ಆ ಕಾಫಿ ಕುಡಿಯಲಿಲ್ಲ. ಆದರೆ ಮಂಡಳಿಯವರ ಪಟ್ಟಿಯಲ್ಲಿ ಒಂದು ಹೆಸರನ್ನು ಎರಡು ಸಲ ಓದಿದ. ಬಂದರೂರಿನ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡುವವನು ಐವಾನೊ ಬೆಲ್ತ್ರಾಮೆ. ಅಂದರೆ ಫೋಟೋದಲ್ಲಿ ಮಕಾಡೆ ಬಿದ್ದಿರುವವನೇ.

ಎಲ್ವಿಯೊನ ತಲೆಯಲ್ಲಿ ಒಂದು ಸಂಚು ಮೊಳೆಯಿತು. ದೊಡ್ಡ ತಂಡದವರು ಕೊನೆಯ ಹತ್ತು ನಿಮಿಷದಲ್ಲಿ ಊರಿನವರಿಗೆ ಒಂದು ಗೋಲು ಬಿಟ್ಟುಕೊಡುವ ರೂಢಿಯಿದೆ. ಮರ್ಯಾದೆಯ ಗೋಲು ಎನ್ನುತ್ತಾರೆ. ಊಟ ಹಾಕಿದ ಊರು, ಬರಿಗೈಯಲ್ಲಿ ಕಳಿಸಬಾರದು ಎಂದು. ಕೀಪರ್ ಒಂದು ಹೆಜ್ಜೆ ತಡಮಾಡುತ್ತಾನೆ, ಅಷ್ಟೇ. ಫೌಸ್ತೊನ ಗೋಲೂ ಅಂಥದ್ದೇ ಎಂದು ಐವಾನೊನ ಬಾಯಿಂದ ಒಂದು ಮಾತು ಬಂದರೆ ಸಾಕು. ಭಾನುವಾರ ಧ್ವನಿವರ್ಧಕದಲ್ಲಿ, ಇಡೀ ಕಣಿವೆಯ ಎದುರಿಗೆ, ಅಂಗಿ ಕೊಡುವ ಹೊತ್ತಿಗೇ ಅದನ್ನು ಹೇಳಿಬಿಡುವುದು. ಹೊಳೆಯ ಆಚೆಯವರಿಗೂ ಕೇಳಿಸುವ ಹಾಗೆ.

ಶನಿವಾರ ಬೆಳಗ್ಗೆ ಎಲ್ವಿಯೊ ಸುಣ್ಣದ ಗಾಡಿ ತಳ್ಳುತ್ತಾ ಮಿಲ್ಲಿನ ಕಡೆಯ ಗೋಲಿನ ಹತ್ತಿರ ಬಂದಾಗ ಐವಾನೊ ಒಬ್ಬನೇ ಅಲ್ಲಿ ನಿಂತಿದ್ದ. ಐವತ್ತು ದಾಟಿದ ಗಂಡಸು, ಕೈಬೆರಳು ಒಂದೊಂದೂ ಒಂದೊಂದು ದಿಕ್ಕಿಗೆ ಸೊಟ್ಟ. ಬೂಟಿನ ತುದಿಯಿಂದ ನೆಲ ತಡವಿ ಏನೋ ಹುಡುಕುತ್ತಿದ್ದ.

"ಇಲ್ಲಿ ಒಂದು ದಿಬ್ಬ ಇತ್ತಲ್ಲ," ಎಂದ.

"ಹನ್ನೆರಡು ವರ್ಷ ಆಯ್ತು ಸಮ ಮಾಡಿ. ನಿಮಗೆ ಇನ್ನೂ ನೆನಪಿದೆಯಾ?"

"ನೆನಪಿಲ್ದೆ ಏನ್ರೀ."

ಎಲ್ವಿಯೊ ಗಾಡಿ ನಿಲ್ಲಿಸಿದ. ಸಿಗರೇಟು ಕೊಟ್ಟ. ಗಾಳಿ, ಹುಲ್ಲು, ಹೋಟೆಲಿನ ಊಟ ಎಂದು ಒಂದು ಸುತ್ತು ಬಳಸಿ, ಕೊನೆಗೆ ಕೇಳಿಯೇ ಬಿಟ್ಟ. "ಅವತ್ತು ಆ ಮಾಣಿ ಹೊಡೆದ ಗೋಲು... ನೀವೇ ಬಿಟ್ಕೊಟ್ಟಿದ್ದು ಅಲ್ವಾ? ಮರ್ಯಾದೆಗೆ ಅಂತ?"

ಐವಾನೊ ಅವನನ್ನು ದಿಟ್ಟಿಸಿ ನೋಡಿದ. "ಬಿಟ್ಕೊಡೋಕೆ ನಾನು ಯಾರ್ರೀ? ಮೂರನೇ ಕೀಪರ್. ಇಪ್ಪತ್ತೆಂಟು ವಯಸ್ಸು. ಮೊದಲನೇ ದರ್ಜೆ ತಂಡ ನನ್ನ ಕರೆದಿದ್ದು ಅದೇ ಮೊದಲು. ಇರ್ತೀನೋ ಹೋಗ್ತೀನೋ ಅಂತ ತೀರ್ಮಾನ ಮಾಡೋಕೆ ಅವರು ಕೊಟ್ಟಿದ್ದು ಆ ಕೊನೆ ಇಪ್ಪತ್ತು ನಿಮಿಷ."

"ಜುಲೈ ಪಂದ್ಯ ಅಲ್ವಾ, ಅದಕ್ಕೇನು ಲೆಕ್ಕ..."

"ತಂಡಕ್ಕೆ ಏನೂ ಲೆಕ್ಕ ಇಲ್ಲ. ನಮ್ಮ ಒಂದನೇ ಕೀಪರ್ ಅದೇ ಜುಲೈಲಿ ಇನ್ನೊಂದು ಪಂದ್ಯದಲ್ಲಿ ಐದು ಗೋಲು ತಿಂದ. ಯಾರೂ ಒಂದು ಮಾತು ಕೇಳ್ಲಿಲ್ಲ. ಅವನ ಜಾಗ ಗಟ್ಟಿ. ನಂದು ಗಟ್ಟಿ ಇರ್ಲಿಲ್ಲ. ಮಾರನೇ ದಿನ ಬೆಳಗ್ಗೆ ತಿಂಡಿಗೆ ಮುಂಚೆ ತರಬೇತುದಾರ ಕರೆದ. 'ಸೂಪು ಬಡಿಸೋನ ಕೈಲಿ ಗೋಲು ತಿನ್ನೋನು ನಂಗೆ ಬೇಡಪ್ಪ' ಅಂದ. ಬಸ್ಸಿಗೆ ಕೂರಿಸಿ ಕಳಿಸಿದ್ರು. ಆಮೇಲೆ ಹದಿಮೂರು ವರ್ಷ ಮೂರನೇ ದರ್ಜೆಲಿ ಆಡ್ದೆ. ಮೇಲಿನಿಂದ ಮತ್ತೆ ಯಾರೂ ಕರೀಲಿಲ್ಲ."

ಡಬ್ಬಿಗಳಲ್ಲಿ ತುಂಬಿಟ್ಟ ಇಪ್ಪತ್ತೈದು ವರ್ಷದ ಚೀಟಿಗಳಲ್ಲಿ ಮೂರನೇ ಕೀಪರ್‌ಗಳು ಆಮೇಲೆ ಏನಾದರು ಎನ್ನುವುದು ಎಲ್ಲಿಯೂ ಇರಲಿಲ್ಲ.

"ಆ ಮಾಣಿ ಮೇಲೆ ನಂಗೆ ಸಿಟ್ಟಿಲ್ಲ," ಎಂದ ಐವಾನೊ. "ಅವನು ಏನು ಮಾಡ್ದ? ಹಿಂದೆ ಓಡಿ ಬಂದು, ಒಳಗೆ ಹೋಗಿದ್ದ ಚೆಂಡನ್ನ ಬಲೆಗೆ ಒದ್ದ."

"ಒಳಗೆ ಹೋಗಿದ್ದ ಚೆಂಡಾ?"

"ಅದು ನಿಮ್ಮ ಕೀಪರ್ ಒದ್ದಿದ್ದು. ಅಷ್ಟು ದೂರದಿಂದ! ನಾನು ಹಿಡಿಯೋಕೆ ಮುಂದೆ ಬಂದೆ, ಈ ದಿಬ್ಬಕ್ಕೆ ಬಿದ್ದು ನನ್ನ ತಲೆ ಮೇಲೆ ಹಾರ್ತು. ತಿರುಗಿ ಓಡಿ ಧುಮುಕಿದೆ, ಸಿಗ್ಲಿಲ್ಲ. ಕೆನ್ನೆ ಹುಲ್ಲಿಗೆ ಒತ್ಕೊಂಡು ಬಿದ್ದಿದ್ನಲ್ಲ, ಗೆರೆ ನೇರ ಕಣ್ಮುಂದೆ ಇತ್ತು. ಚೆಂಡು ಪೂರ್ತಿ ದಾಟಿತ್ತು. ರೆಫರಿ ಎಲ್ಲೋ ಹಿಂದೆ ಉಳ್ಕೊಂಡಿದ್ದ, ಅವನಿಗೇನು ಕಂಡೀತು." ಐವಾನೊ ಸಿಗರೇಟನ್ನು ಬೂಟಿನಡಿ ಉಜ್ಜಿದ. "ಆ ಕೀಪರ್ ಈಗ ಎಲ್ಲಿದಾನೆ? ಒಂದ್ಸಲ ಅವನ ಮುಖ ನೋಡ್ಬೇಕು ಅಂತ ಆಸೆ."

ಇಪ್ಪತ್ತೈದು ವರ್ಷ ಎಲ್ವಿಯೊ ಯಾವ ಗೋಲಿಗೆ ಹೊಟ್ಟೆ ಉರಿದುಕೊಂಡಿದ್ದನೋ ಅದು ಅವನದೇ. ಯಾವುದನ್ನು ಲೆಕ್ಕಕ್ಕೇ ಇಲ್ಲ ಎಂದು ಬಾಯಿ ನೋಯುವಷ್ಟು ಸಾರಿದ್ದನೋ ಅದು ಎದುರಿಗೆ ನಿಂತ ಒಬ್ಬ ಮನುಷ್ಯನ ಬದುಕನ್ನೇ ತಿರುಗಿಸಿಬಿಟ್ಟಿತ್ತು. "ನಾನೇ" ಎಂಬ ಮಾತು ಎಲ್ವಿಯೊನ ನಾಲಿಗೆಯ ತುದಿಗೆ ಬಂತು. ಐವಾನೊನ ಸೊಟ್ಟ ಬೆರಳುಗಳು ಕಣ್ಣಿಗೆ ಬಿದ್ದವು.

"ಅವನು ಸ್ವಿಟ್ಜರ್ಲೆಂಡಿಗೆ ಹೋದ," ಎಂದ. "ಬಹಳ ವರ್ಷ ಆಯ್ತು."

ಗಾಡಿ ತಳ್ಳಿಕೊಂಡು ಹೊರಟ. ಆವತ್ತು ಎಳೆದ ಗೆರೆ ಎರಡು ಕಡೆ ಸೊಟ್ಟಾಗಿದ್ದದ್ದನ್ನು ನಾವೆಲ್ಲ ಮಾರನೆಯ ದಿನ ನೋಡಿದೆವು.

ಭಾನುವಾರ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಫೌಸ್ತೊ ಹೊಸ ಅಂಗಿ ತೊಟ್ಟು, ಹೊಟ್ಟೆ ಒಳಗೆಳೆದುಕೊಂಡು ನಡುವೃತ್ತದಲ್ಲಿ ನಿಂತಿದ್ದ. ಮೇಲೆ ಮರದ ಗೂಡಿನಂಥ ಕೋಣೆಯಲ್ಲಿ ಎಲ್ವಿಯೊ. ಎದುರಿಗೆ ಮೈಕು, ಕೈಯಲ್ಲಿ ಮಂಡಳಿಯವರು ಬರೆದುಕೊಟ್ಟ ಚೀಟಿ. ಅವನ ಹೊಟ್ಟೆಯೊಳಗಿನ ಉರಿ ಹಿಂದೆಂದೂ ಅಷ್ಟು ಎದ್ದಿರಲಿಲ್ಲ. ಬೇರೆಯವನ ಗೋಲಿಗೆ ಉರಿಯುವುದು ಒಂದು ಬಗೆ, ತನ್ನ ಗೋಲನ್ನು ಬೇರೆಯವನು ಮೈಮೇಲೆ ಹಾಕಿಕೊಳ್ಳುವುದನ್ನು ನೋಡಿ ಉರಿಯುವುದು ಇನ್ನೊಂದು ಬಗೆ. ಬಾಯಿ ತೆರೆದರೆ ಸಾಕು, ಅಂಗಿ ತನ್ನದು. ಕೆಳಗೆ, ಬಂದರೂರಿನವರ ಬೆಂಚಿನ ತುದಿಯಲ್ಲಿ ಐವಾನೊ ಕೈಕಟ್ಟಿ ಕೂತಿದ್ದ. ಅವನ ಎದುರಿಗೆ "ನಿನ್ನನ್ನು ಬಸ್ಸಿಗೆ ಹತ್ತಿಸಿದವನು ನಾನೇ, ಚಪ್ಪಾಳೆ ತಟ್ಟಿರಪ್ಪ" ಎನ್ನುವುದು ಹೇಗೆ?

ಮೈಕು ಕಿರ್ರೆಂದಿತು. ಜನ ಕತ್ತೆತ್ತಿ ನೋಡಿದರು. ಆಮೇಲೆ ಎಲ್ವಿಯೊ, ದನಿ ಮಿಲ್ಲಿನ ತಗಡಿಗೆ ಬಡಿದು ಮರಳುವಷ್ಟು ಜೋರಾಗಿ ಕೂಗಿದ.

"ಬಂದರೂರಿನ ಎದುರು ನಮ್ಮ ಕಣಿವೆಯ ಗೋಲು ಹೊಡೆದವನು, ಫೌಸ್ತೊ ದೆಪಾವೊಲಿ!"

ಹೊಳೆಯ ಆಚೆಯವರಿಗೂ ಕೇಳಿಸಿತಂತೆ. ಫೌಸ್ತೊ ಕೂಡ ಬೆಚ್ಚಿಬಿದ್ದು ಮೇಲೆ ನೋಡಿದ. ಪಂದ್ಯ ಹನ್ನೆರಡು ಸೊನ್ನೆಗೆ ಮುಗಿಯಿತು. ಈ ಸಲ ಮರ್ಯಾದೆಯ ಗೋಲೂ ಸಿಗಲಿಲ್ಲ.

ಬಾರಿನಲ್ಲಿ ಗದ್ದಲ ಶುರುವಾಗುವ ಹೊತ್ತಿಗೆ ಎಲ್ವಿಯೊ ಮನೆಯಲ್ಲಿದ್ದ. ಒರ್ನೆಲ್ಲಾ ಒಲೆಯ ಮುಂದೆ ನಿಂತು, ಮೆಕ್ಕೆಜೋಳದ ಮುದ್ದೆಯಂಥ ಪೊಲೆಂಟಾ ತಿರುವುತ್ತಿದ್ದಳು. ತೆರೆದ ಕಿಟಕಿಯಿಂದ ಫೌಸ್ತೊನ ದನಿ ಇಲ್ಲಿಯವರೆಗೂ ಬರುತ್ತಿತ್ತು.

"ಏನು, ಇವತ್ತು ಡಬ್ಬಿ ತಗೊಂಡು ಹೋಗ್ಲಿಲ್ವಾ ಜಗಳಕ್ಕೆ?" ಎಂದಳು.

ಅವನು ಕುರ್ಚಿಯಲ್ಲಿ ಕುಸಿದು ಕೂತ. ಐವಾನೊ ಹೇಳಿದ್ದನ್ನು ಬಿಟ್ಟು ಬೇರೇನೋ ಬಾಯಿಂದ ಬಂತು. "ಆ ಫೋಟೋದಲ್ಲಿ ನೀನಿದೀಯಲ್ಲ."

"ಇದೀನಿ. ಹಳದಿ ಲಂಗ. ನಮ್ಮಮ್ಮ ಹೊಲಿದಿದ್ದು."

"ಆ ಕಡೆ ಯಾಕೆ ಹೋಗಿದ್ದೆ? ನಾನು ಈ ಕಡೆ ಇದ್ದೆ. ಬಾಯಿ ಬಿಟ್ಕೊಂಡು ಫೌಸ್ತೊನ್ನ ನೋಡ್ತಾ ನಿಂತಿದೀಯ. ಇಪ್ಪತ್ತೈದು ವರ್ಷ ಆಯ್ತು, ದಿನಾ ನೋಡ್ತೀನಿ. ಸಾಯೋ ಹಾಗಾಗುತ್ತೆ ನಂಗೆ."

ಒರ್ನೆಲ್ಲಾಳ ಕೈ ನಿಂತಿತು. ಆಮೇಲೆ ನಗತೊಡಗಿದಳು. ಪಾತ್ರೆಯನ್ನು ಒಲೆಯಿಂದ ಇಳಿಸಿ, ಏಪ್ರನ್ನಿನ ತುದಿಯಿಂದ ಕಣ್ಣೊರಸಿಕೊಂಡಳು.

"ಫೌಸ್ತೊನ್ನಾ? ಅಯ್ಯೋ ಮಾರಾಯ! ನಿನ್ನ ಗೋಲಿನ ಹಿಂದೇನೇ ನಿಂತಿದ್ದೆ ಕಣೋ, ಹತ್ತು ಬೀಳೋವರೆಗೂ. ಆಮೇಲೆ ನೋಡೋಕಾಗ್ಲಿಲ್ಲ. ಪ್ರತಿ ಸಲ ನೀನು ಎದ್ದು ಮೊಣಕೈ ಒರೆಸ್ಕೋತಿದ್ದೆ. ಅಳು ಬಂದು ಆ ತುದಿಗೆ ಹೋಗ್ಬಿಟ್ಟೆ. ಅಲ್ಲಿ ಯಾರೂ ಗೋಲು ಹೊಡೆಯಲ್ಲ, ನೆಮ್ಮದಿಯಾಗಿರಬಹುದು ಅಂತ." ಮತ್ತೆ ನಕ್ಕಳು. "ಅಷ್ಟರಲ್ಲಿ ನಿನ್ನ ಚೆಂಡು ಬಂತು. ನಾನು ಅದನ್ನೇ ನೋಡ್ತಿದ್ದೆ. ಅವನು ಬಂದು ಒದೆಯೋಕೆ ಮುಂಚೆನೇ ಒಳಗಿತ್ತು."

"ನಿಂಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಲೇ ಮನೆಗೆ ಬಂದೆ. ಬರ್ತಾ ದಾರೀಲಿ ಫೌಸ್ತೊನ್ನ ನೋಡ್ದೆ. ಒಂದು ಗಂಟೇಲಿ ಏಳು ಜನಕ್ಕೆ ಅದೇ ಕಥೆ ಹೇಳ್ತಿದ್ದ. ಇದು ಜೀವಮಾನವಿಡೀ ನಿಲ್ಲಲ್ಲ ಅಂತ ಆಗಲೇ ಅನ್ನಿಸ್ತು." ಅವಳು ಪೊಲೆಂಟಾವನ್ನು ಹಲಗೆಯ ಮೇಲೆ ಸುರಿದಳು. "ನಿನ್ನ ಹೊಟ್ಟೆಕಿಚ್ಚಿನ ಜೊತೆ ಸಂಸಾರ ಮಾಡಬಹುದು ಎಲ್ವಿಯೊ. ನಿನ್ನ ಜಂಬದ ಜೊತೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಹೊರಗೆ ಯಾರೋ ಗ್ಲಾಸು ತಟ್ಟಿದರು. ಫೌಸ್ತೊ ಮೊದಲಿನಿಂದ ಶುರುಮಾಡಿದ್ದ: ಹಿಂದಿನಿಂದ ಯಾರೋ ಚೆಂಡು ಒದ್ದರು, ನಾನು ಓಡಿದೆ...

"ಎಷ್ಟು ಒಳಗಿತ್ತು?" ಎಂದು ಕೇಳಿದ ಎಲ್ವಿಯೊ.

ಒರ್ನೆಲ್ಲಾ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಮೇಜಿನ ಮೇಲೆ ಎರಡು ಅಂಗೈಗಳನ್ನು ನಿಲ್ಲಿಸಿ, ನಡುವೆ ಒಂದು ಗೇಣಿನಷ್ಟು ಜಾಗ ಬಿಟ್ಟು ತೋರಿಸಿದಳು. ಎಲ್ವಿಯೊ ಬಗ್ಗಿ ಆ ಜಾಗವನ್ನೇ ನೋಡಿದ. ಎದ್ದು ಕಿಟಕಿ ಮುಚ್ಚಿ ಬಂದ.

"ಇನ್ನೊಂದ್ಸಲ ತೋರ್ಸು," ಎಂದ.